ಶೈನರ್ ಬಾಕ್ ನಿಜವಾಗಿಯೂ ಬಾಕ್ ಬಿಯರೇ? ಟೆಕ್ಸಾಸ್ ಕನ್ನಡಿಗರು ಹೇಳಿ

ಹಾಸನದ ಹುಡುಗ
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಸ್ಯಾನ್ ಆಂಟೋನಿಯೊಗೆ ಬಂದು ನೆಲೆಸಿದ್ದೇನೆ. ಇಲ್ಲಿ ಯಾವ ಬಾರ್ಬೆಕ್ಯೂ ಅಂಗಡಿಗೆ ಹೋಗಿ, ಯಾರ ಮನೆಯ ಹಿತ್ತಲ ಪಾರ್ಟಿಗೆ ಹೋಗಿ, ಶೈನರ್ ಬಾಕ್ ಅನ್ನುವ ಬಿಯರ್ ಇದ್ದೇ ಇರುತ್ತದೆ. ಹಳದಿ ಲೇಬಲ್, ಮೇಲೆ ಟಗರಿನ ತಲೆ. ನನಗೆ ಬಹಳ ಇಷ್ಟ. ತಿಳಿ ಕಂದು ಬಣ್ಣ, ಒಂಚೂರು ಸಿಹಿ, ಹೊಟ್ಟೆಗೆ ಭಾರ ಇಲ್ಲ. ಇಲ್ಲಿನ ಬಿಸಿಲಿಗೆ ಸರಿಯಾಗಿ ಹೊಂದುತ್ತದೆ.

ಮೊನ್ನೆ ಆಫೀಸಿನ ಜರ್ಮನ್ ಸಹೋದ್ಯೋಗಿ ಊಟಕ್ಕೆ ಕರೆದಿದ್ದರು. ಅಯಿಂಗರ್ ಸೆಲೆಬ್ರೇಟರ್ ಅನ್ನುವ ಬಿಯರ್ ಕೊಟ್ಟರು. ಬಾಟಲಿ ಕತ್ತಿಗೆ ಬಿಳಿ ಪ್ಲಾಸ್ಟಿಕ್ ಹೋತ ಕಟ್ಟಿರುತ್ತಾರಲ್ಲ, ಅದು. ಕಪ್ಪು ಅನ್ನುವಷ್ಟು ಗಾಢ ಬಣ್ಣ. ಒಣದ್ರಾಕ್ಷಿ, ಸುಟ್ಟ ಬ್ರೆಡ್ಡು, ಎಲ್ಲ ಒಟ್ಟಿಗೆ ಬಂದ ಹಾಗೆ ರುಚಿ. ಎರಡಕ್ಕೂ ಸಂಬಂಧವೇ ಇಲ್ಲ! ನಾನು ಶೈನರ್ ಹೆಸರು ಎತ್ತಿದ್ದೇ ತಡ, ಅವರು ‘ಬಾಕ್ ಅಂದರೆ ಗಟ್ಟಿ ಜರ್ಮನ್ ಬಿಯರ್, ಅದು ಬಾಕ್ ಅಲ್ಲ’ ಎಂದು ಖಡಾಖಂಡಿತ ಹೇಳಿಬಿಟ್ಟರು.

ನನಗಂತೂ ಒಪ್ಪಿಗೆ ಆಗಲಿಲ್ಲ. ಇಷ್ಟು ವರ್ಷದಿಂದ ಒಂದು ಊರು ಅದನ್ನೇ ಬಾಕ್ ಎಂದು ಕುಡಿಯುತ್ತಿದೆ ಅಂದರೆ ಅದಕ್ಕೂ ಒಂದು ಹಕ್ಕು ಇಲ್ಲವೇ? ಅಮೆರಿಕದಲ್ಲಿ ಬಾಕ್ ಎಲ್ಲಿಂದ ಬಂತು, ಬೇರೆ ರಾಜ್ಯಗಳಲ್ಲಿ ಯಾಕೆ ಅಷ್ಟಾಗಿ ಕಾಣುವುದಿಲ್ಲ, ಈ ಆಡು ಟಗರು ಯಾಕೆ? ಗೊತ್ತಿದ್ದವರು ವಿವರವಾಗಿ ಬರೆಯಿರಿ.

ಮಾಲ್ಟ್ ಮಾರಾಯ
ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ ಮಾರಾಯ್ರೆ.

ನಾನು ಮನೆಯಲ್ಲಿ ಬಿಯರ್ ಮಾಡುವವನು, ಹಾಗಾಗಿ ಅಳತೆಯಿಂದ ಶುರು ಮಾಡುತ್ತೇನೆ. ಹುಳಿ ಬರುವ ಮುಂಚಿನ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದಲ್ಲಿ ಎಷ್ಟು ಸಕ್ಕರೆ ಅಂಶ ಇದೆ ಎಂದು ಪ್ಲೇಟೊ ಡಿಗ್ರಿಯಲ್ಲಿ ಅಳೆಯುತ್ತಾರೆ. ಜರ್ಮನಿಯಲ್ಲಿ ಬಾಕ್ ಎಂದು ಹೆಸರಿಡಬೇಕಾದರೆ ಅದು ಕನಿಷ್ಠ 16 ಇರಬೇಕು. ಇನ್ನೂ ಗಟ್ಟಿಯಾದ ಡಾಪಲ್‌ಬಾಕ್‌ಗೆ 18. ಸಾಮಾನ್ಯ ಲಾಗರ್‌ಗೆ (ತಂಪಿನಲ್ಲಿ ಹುಳಿ ಬರಿಸಿ ಮಾಡುವ ಬಿಯರ್, ಬಾಕ್ ಕೂಡ ಇದೇ ಜಾತಿ) 11-12 ಇದ್ದರೆ ಆಯಿತು. ಆ ಹೆಚ್ಚಿನ ಮಾಲ್ಟಿನಿಂದಲೇ ದಪ್ಪ, ಸಿಹಿ, ಅಮಲು ಎಲ್ಲ ಬರುವುದು. ಹಾಗಾಗಿ ಬಾಕ್ ಅಂದರೆ ಆಲ್ಕೋಹಾಲ್ ಶೇ. 6ರ ಮೇಲೆಯೇ. ನೀವು ಕುಡಿದ ಸೆಲೆಬ್ರೇಟರ್ ಶೇ. 6.7. ಪೌಲಾನರ್ ಅವರ ಸಾಲ್ವೇಟರ್ ಶೇ. 7.9. ಶೈನರ್ ಬಾಕ್ ಶೇ. 4.4.

ಅಮೆರಿಕದ ಬಿಯರ್ ತೀರ್ಪುಗಾರರ ಬಿಜೆಸಿಪಿ ಕೈಪಿಡಿಯಲ್ಲೂ ಶೈನರ್ ಬಾಕ್ ಇರುವುದು ಬಾಕ್ ಗುಂಪಿನಲ್ಲಿ ಅಲ್ಲ, ‘ಇಂಟರ್‌ನ್ಯಾಷನಲ್ ಡಾರ್ಕ್ ಲಾಗರ್’ ಗುಂಪಿನಲ್ಲಿ. ಒಳ್ಳೆಯ ಬಿಯರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಕ್ ಅಲ್ಲ.

ಲೋನ್‌ಸ್ಟಾರ್ ಗೌಡ
ಮಾರಾಯ್ರೆ, ಪ್ಲೇಟೊ ಡಿಗ್ರಿ ಹಿಡಿದುಕೊಂಡು ಟೆಕ್ಸಾಸ್‌ಗೆ ಬರಬೇಡಿ 🙂

ಶೈನರ್ ಅನ್ನುವುದು ಸ್ಯಾನ್ ಆಂಟೋನಿಯೊ ಮತ್ತು ಹ್ಯೂಸ್ಟನ್ ನಡುವೆ ಇರುವ ಪುಟ್ಟ ಊರು. ಸುಮಾರು 2,000 ಜನ. ಜರ್ಮನ್ ಮತ್ತು ಚೆಕ್ ರೈತರು ಬಂದು ಕಟ್ಟಿದ್ದು. ಅವರಿಗೆ ತಮ್ಮ ಊರಿನ ಬಿಯರ್ ಬೇಕಿತ್ತು, ಸೇರಿ 1909ರಲ್ಲಿ ಬ್ರೂವರಿ ಶುರು ಮಾಡಿದರು. ಮಾಡುವುದು ಗೊತ್ತಿರುವ ಮನುಷ್ಯ ಬೇಕಾದಾಗ ಕಾಸ್ಮೊಸ್ ಸ್ಪೆಟ್ಜಲ್ ಬಂದ. ಬವೇರಿಯಾದಲ್ಲೇ ಹುಟ್ಟಿದವನು, ಅಲ್ಲೇ ಕಸುಬು ಕಲಿತವನು. ಬಾಕ್ ಅಂದರೆ ಏನು ಎಂದು ಅವನಿಗೆ ನಾವು ಹೇಳಿಕೊಡಬೇಕಾ? ಅವನ ನಂತರ ಅವನ ಮಗಳು ಸಿಸಿಲಿ ಬ್ರೂವರಿ ನಡೆಸಿದಳು. ಆ ಕಾಲದಲ್ಲಿ ಹೆಂಗಸೊಬ್ಬಳು ಬ್ರೂವರಿ ಒಡತಿ ಆಗುವುದು ಅಪರೂಪ. ಊರಿನವರು ಈಗಲೂ ‘ಮಿಸ್ ಸೀಲಿ’ ಎಂದು ನೆನೆಯುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಶೈನರ್ ಬಾಕ್ ಮೊದಲು ವರ್ಷವಿಡೀ ಸಿಗುತ್ತಿರಲಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮಾತ್ರ. 1973ರಿಂದ ವರ್ಷಪೂರ್ತಿ ಮಾಡತೊಡಗಿದರು. ವಸಂತ ಕಾಲದಲ್ಲಿ ವರ್ಷಕ್ಕೊಮ್ಮೆ ಬರುವ ಗಾಢ ಬಣ್ಣದ ಲಾಗರ್ ಎಂದೇ ಅಮೆರಿಕದ ಜನ ಬಾಕ್ ಅನ್ನು ತಿಳಿದಿದ್ದು. ಆ ಲೆಕ್ಕದಲ್ಲಿ ಇದು ನೂರಕ್ಕೆ ನೂರು ಬಾಕ್.

ಬಸವನಗುಡಿ ಬಾಯ್
ಬಾಕ್ ಅಂದರೆ ವರ್ಷಕ್ಕೊಮ್ಮೆ ಬ್ಯಾರೆಲ್ ತೊಳೆಯುವಾಗ ತಳದಲ್ಲಿ ಉಳಿದ ಗಟ್ಟಿ ಬಿಯರ್ ಎಂದು ಮಿಲ್ವಾಕಿಯಲ್ಲಿ ನಮ್ಮ ಮನೆ ಮಾಲೀಕರು ಹೇಳುತ್ತಿದ್ದರು. ಅದಕ್ಕೇ ವಸಂತದಲ್ಲಿ ಬರುತ್ತಿತ್ತಂತೆ.

ಮಾಲ್ಟ್ ಮಾರಾಯ
ಆ ಮಾತು ಅಮೆರಿಕ ಪೂರ್ತಿ ಹಬ್ಬಿದೆ. ಪೂರ್ತಿ ಸುಳ್ಳು. ಟ್ಯಾಂಕಿನ ತಳದಲ್ಲಿ ಉಳಿಯುವುದು ಸತ್ತ ಯೀಸ್ಟು ಮತ್ತು ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಮಡ್ಡಿ. ಬಾಯಿಗೆ ಇಡಲು ಆಗುವುದಿಲ್ಲ. ಬಾಕ್ ಮಾಡಲು ಬೇರೆ ಬಿಯರ್‌ಗಿಂತ ಮಾಲ್ಟ್ ಜಾಸ್ತಿ ಬೇಕು, ಸಮಯ ಜಾಸ್ತಿ ಬೇಕು. ಬ್ರೂವರಿಯವರು ಕೈಯಿಂದ ದುಡ್ಡು ಹಾಕಿ, ತಿಂಗಳುಗಟ್ಟಲೆ ಕಾದು ಮಾಡುವ ಬಿಯರನ್ನು ತೊಳೆದ ನೀರು ಅನ್ನುವುದು ಅನ್ಯಾಯ.

ಇತಿಹಾಸಪ್ರಿಯ
ಚರ್ಚೆ ಚೆನ್ನಾಗಿದೆ. ಕೇಳಿದ್ದೀರಿ ಅಂತ ಸ್ವಲ್ಪ ಹಿಂದಿನಿಂದ ಬರೆಯುತ್ತೇನೆ, ಉದ್ದ ಆಗುತ್ತದೆ.

ಉತ್ತರ ಜರ್ಮನಿಯಲ್ಲಿ ಐನ್‌ಬೆಕ್ ಎಂಬ ಊರಿದೆ. ಮಧ್ಯಯುಗದಲ್ಲಿ ಅಲ್ಲಿನ ಗಟ್ಟಿ ಬಿಯರ್ ದೂರದೂರಿಗೆ ಹೋಗುತ್ತಿತ್ತು. ಬವೇರಿಯಾದ ದೊರೆಗಳೂ ಅದನ್ನೇ ತರಿಸುತ್ತಿದ್ದರು. ಖರ್ಚು ತಾಳಲಾರದೆ 1589ರಲ್ಲಿ ಮ್ಯೂನಿಕ್‌ನಲ್ಲಿ ಅರಮನೆಯದ್ದೇ ಬ್ರೂವರಿ ಕಟ್ಟಿಸಿದರು. ಅದೇ ಇವತ್ತಿನ ಹಾಫ್‌ಬ್ರಾಯ್‌ಹೌಸ್. 17ನೇ ಶತಮಾನದ ಆರಂಭದಲ್ಲಿ ಐನ್‌ಬೆಕ್‌ನಿಂದಲೇ ಒಬ್ಬ ಬ್ರೂವರನ್ನು ಕರೆಸಿ ಆ ಬಿಯರ್ ಮಾಡಿಸಿದರು. ಮ್ಯೂನಿಕ್ ಜನರ ಬಾಯಲ್ಲಿ ಆ ಊರಿನ ಹೆಸರು ಸವೆದು ಸವೆದು ‘ಬಾಕ್’, ಅಂದರೆ ಜರ್ಮನ್ ಭಾಷೆಯಲ್ಲಿ ಹೋತ, ಅನ್ನುವ ಮಾತಿನ ಹಾಗೆ ಕೇಳತೊಡಗಿತು. ಲೇಬಲ್ ಮೇಲೆ ಹೋತ ಬಂದಿದ್ದು ಹಾಗೆ.

ಅಮೆರಿಕಕ್ಕೆ ಲಾಗರ್ ಯೀಸ್ಟ್ ಬಂದಿದ್ದು 1840ರ ದಶಕದಲ್ಲಿ, ಜರ್ಮನ್ ವಲಸಿಗರ ಜೊತೆ. ಅದಕ್ಕೂ ಮುಂಚೆ ಇಲ್ಲಿ ಇಂಗ್ಲಿಷ್ ರೀತಿಯ, ಅಷ್ಟು ತಂಪು ಬೇಡದ ಏಲ್, ಪೋರ್ಟರ್ ಬಿಯರ್‌ಗಳು ನಡೆಯುತ್ತಿದ್ದವು. ಲಾಗರ್ ಯೀಸ್ಟ್‌ಗೆ ತಂಪು ಬೇಕು. ಯಂತ್ರದ ಶೈತ್ಯ ಇಲ್ಲದ ಕಾಲ. ಚಳಿಗಾಲದಲ್ಲಿ ಕೆರೆ ನದಿಗಳಿಂದ ಮಂಜುಗಡ್ಡೆ ಕೊಯ್ದು ನೆಲಮಾಳಿಗೆಯಲ್ಲಿ ತುಂಬಿ, ಅಲ್ಲಿ ಬಿಯರ್ ಮಲಗಿಸುತ್ತಿದ್ದರು. ಚಳಿಯಲ್ಲಿ ಮಾಡಿದ ಗಟ್ಟಿ ಬಿಯರ್ ವಸಂತಕ್ಕೆ ಹದವಾಗಿ ಹೊರಬರುತ್ತಿತ್ತು. ಮಿಲ್ವಾಕಿ, ಸೇಂಟ್ ಲೂಯಿಸ್, ಸಿನ್ಸಿನಾಟಿ, ಬ್ರೂಕ್ಲಿನ್, ಜರ್ಮನ್ನರು ನೆಲೆಸಿದ ಊರುಗಳಲ್ಲೆಲ್ಲ ಇದೇ ಪದ್ಧತಿ. ಬಾಕ್ ಬಂತು ಅಂದರೆ ಚಳಿ ಮುಗಿಯಿತು ಎಂದೇ ಲೆಕ್ಕ. ಸಲೂನ್ ಬಾಗಿಲಿಗೆ ಬಣ್ಣಬಣ್ಣದ ದೊಡ್ಡ ಪೋಸ್ಟರ್ ಅಂಟಿಸುತ್ತಿದ್ದರು. ಹೋತ ಬ್ಯಾರೆಲ್ ಮೇಲೆ ನಿಂತಿರುವುದು, ಹೋತ ಲೋಟ ಎತ್ತಿರುವುದು, ಹೀಗೆ. 19ನೇ ಶತಮಾನದ ಕೊನೆಯ ಆ ಲಿಥೊಗ್ರಾಫ್‌ಗಳನ್ನು ಈಗ ಸಂಗ್ರಹಕಾರರು ದುಡ್ಡು ಕೊಟ್ಟು ಕೊಳ್ಳುತ್ತಾರೆ.

ಆಮೇಲೆ ಬಂತು ಹೊಡೆತ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಅನ್ನುವುದೆಲ್ಲ ಅನುಮಾನಕ್ಕೆ ಗುರಿ ಆಯಿತು. ಶಾಲೆಗಳಲ್ಲಿ ಜರ್ಮನ್ ಪಾಠ ನಿಂತಿತು. ಹಿಂದೆಯೇ 1920ರಿಂದ 1933ರವರೆಗೆ ಪಾನನಿಷೇಧ. ಸಾವಿರಾರು ಜನರ ಕಸುಬು ಹೋಯಿತು. 1933ರ ಏಪ್ರಿಲ್‌ನಲ್ಲಿ ಮೊದಲು ವಾಪಸ್ ಬಂದ ಬಿಯರಿನಲ್ಲಿ ಆಲ್ಕೋಹಾಲ್ ತೂಕದ ಲೆಕ್ಕದಲ್ಲಿ ಶೇ. 3.2 ಮಾತ್ರ. ಹದಿಮೂರು ವರ್ಷ ಸೋಡಾ, ಐಸ್‌ಕ್ರೀಂ ತಿಂದು ಬೆಳೆದ ಪೀಳಿಗೆಗೆ ಗಟ್ಟಿ, ಕಹಿ ಬಿಯರ್ ರುಚಿಸಲಿಲ್ಲ. ಬಾಕ್ ಮತ್ತೆ ಬಂತು, ಪೋಸ್ಟರ್ ಬಂತು, ಹೋತವೂ ಬಂತು. ಆದರೆ ಒಳಗಿನ ಬಿಯರ್ ಹಗುರ ಆಗಿಬಿಟ್ಟಿತ್ತು. ಎಷ್ಟೋ ಕಡೆ ಮಾಮೂಲಿ ಲಾಗರ್‌ಗೆ ಒಂದಷ್ಟು ಕಪ್ಪು ಮಾಲ್ಟ್ ಅಥವಾ ಕ್ಯಾರಮೆಲ್ ಬಣ್ಣ, ಅಷ್ಟೇ.

ಹಾಗಾಗಿ ಶೈನರ್ ಯಾರಿಗೂ ಮೋಸ ಮಾಡಿಲ್ಲ. 1933ರ ನಂತರ ಅಮೆರಿಕದಲ್ಲಿ ಬಾಕ್ ಅಂದರೆ ಏನಾಗಿತ್ತೋ ಅದನ್ನೇ ಉಳಿಸಿಕೊಂಡು ಬಂದಿದೆ.

ಹಾಸನದ ಹುಡುಗ
ಸರ್, ತುಂಬಾ ಧನ್ಯವಾದ. ಪಾನನಿಷೇಧದ ಕಾಲದಲ್ಲಿ ಶೈನರ್ ಹೇಗೆ ಬದುಕಿತು?

ಲೋನ್‌ಸ್ಟಾರ್ ಗೌಡ
ಮಂಜುಗಡ್ಡೆ ಮಾರಿ, ಆಲ್ಕೋಹಾಲ್ ಇಲ್ಲದ ಬಿಯರ್ ಮಾರಿ. ಪೆನ್ಸಿಲ್ವೇನಿಯಾದ ಯಿಂಗ್ಲಿಂಗ್‌ನವರು ಐಸ್‌ಕ್ರೀಂ ಡೈರಿಯನ್ನೇ ತೆರೆದರು.

ಓಹಾಯೋ ಅಕ್ಕ
ಸಿನ್ಸಿನಾಟಿ ಹೆಸರು ಬಂತಲ್ಲ, ನಾನು ಸುಮ್ಮನೆ ಇರಲಾರೆ. ನಮ್ಮ ಊರಿನಲ್ಲಿ ಬಾಕ್‌ಫೆಸ್ಟ್ ಅನ್ನುವ ಹಬ್ಬವೇ ಇದೆ. ಮಾರ್ಚ್ ಶುರುವಿನ ವಾರಾಂತ್ಯ. ಓವರ್-ದ-ರೈನ್ ಅನ್ನುವುದು ಹಳೆಯ ಜರ್ಮನ್ ಬಡಾವಣೆ. ಅಲ್ಲಿ ಮೆರವಣಿಗೆ. ಮುಂದೆ ಬಿಯರ್ ಪೀಪಾಯಿ ಎಳೆಯುವ ಹೋತ. 1861ರಿಂದ ಇರುವ ಆರ್ನಲ್ಡ್ಸ್ ಬಾರ್ ಹತ್ತಿರದಿಂದ ಹೊರಡುತ್ತದೆ. ‘ಸಾಸೇಜ್ ಕ್ವೀನ್’ ಎಂದು ಒಬ್ಬರನ್ನು ಆರಿಸುತ್ತಾರೆ, ಅದಕ್ಕೆ ಗಂಡಸರೂ ನಿಲ್ಲಬಹುದು!

ನಾನು ಬಿಯರ್ ಕುಡಿಯುವುದಿಲ್ಲ. ಆದರೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮೆರವಣಿಗೆಗೆ ಚಳಿ ಇರಲಿ, ಮಳೆ ಇರಲಿ, ಜನ ಬರುತ್ತಾರೆ. ಆ ಬಡಾವಣೆಯ ನೆಲದ ಕೆಳಗೆ ಲಾಗರ್ ಇಡುತ್ತಿದ್ದ ಹಳೆಯ ಸುರಂಗಗಳಿವೆ, ಟೂರ್ ಇದೆ. ಕೆಳಗೆ ಇಳಿದರೆ ಕಲ್ಲಿನ ಕಮಾನುಗಳು, ಆ ತಂಪು. ಇತಿಹಾಸಪ್ರಿಯ ಅವರು ಬರೆದಿದ್ದೆಲ್ಲ ಅಲ್ಲಿ ಕಣ್ಣಿಗೆ ಕಾಣುತ್ತದೆ. ಬಿಯರ್ ಡಿಗ್ರಿ ಎಷ್ಟು ಎಂದು ಮೆರವಣಿಗೆಯಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ.

ಮಾಲ್ಟ್ ಮಾರಾಯ
ಅಕ್ಕಾ, ಸಿನ್ಸಿನಾಟಿಯವರು ಅದನ್ನು ಕೇಳಬೇಕಾಗಿಲ್ಲ, ಯಾಕೆಂದರೆ ಅಲ್ಲಿ ನಿಜವಾದ ಬಾಕ್ ಮಾಡುತ್ತಾರೆ. ಕ್ರಿಶ್ಚಿಯನ್ ಮೋರ್‌ಲೈನ್‌ನವರ ‘ಎಮ್ಯಾನ್ಸಿಪೇಟರ್’ ಡಾಪಲ್‌ಬಾಕ್. ಹಬ್ಬವೂ ಇದೆ, ಬಿಯರೂ ಇದೆ. ಟೆಕ್ಸಾಸ್‌ನಲ್ಲಿ ಹಬ್ಬ ಹೋಗಿ ಹೆಸರು ಮಾತ್ರ ಉಳಿದಿದೆ, ನನ್ನ ತಕರಾರು ಅದೇ.

ನೀರುಮಜ್ಜಿಗೆ
ಡಾಪಲ್‌ಬಾಕ್ ಅಂದರೆ ನಮ್ಮ ಊರಿನ ‘ಸ್ಟ್ರಾಂಗ್’ ಬಿಯರ್ ತಾನೆ? ಅದೂ ಶೇ. 8 ಇರುತ್ತದೆ.

ಮಾಲ್ಟ್ ಮಾರಾಯ
ಅಲ್ಲವೇ ಅಲ್ಲ. ನಮ್ಮ ಕಡೆಯ ಸ್ಟ್ರಾಂಗ್ ಬಿಯರ್‌ಗೆ ಸಾಮಾನ್ಯವಾಗಿ ಅಕ್ಕಿ, ಜೋಳ, ಸಕ್ಕರೆ ಸೇರಿಸಿ ಅಮಲು ಏರಿಸುತ್ತಾರೆ. ಸಕ್ಕರೆ ಪೂರ್ತಿ ಆಲ್ಕೋಹಾಲ್ ಆಗಿಬಿಡುತ್ತದೆ, ಬಾಯಲ್ಲಿ ಏನೂ ಉಳಿಯುವುದಿಲ್ಲ, ಸುಡುವ ಖಾರ ಮಾತ್ರ. ಡಾಪಲ್‌ಬಾಕ್‌ನಲ್ಲಿ ಬರೀ ಬಾರ್ಲಿ ಮಾಲ್ಟ್, ಅದರಲ್ಲೂ ಮ್ಯೂನಿಕ್ ಮಾಲ್ಟ್ ಜಾಸ್ತಿ. ಯೀಸ್ಟ್ ಅದನ್ನು ಪೂರ್ತಿ ತಿನ್ನಲಾರದು. ಉಳಿದಿದ್ದೇ ರುಚಿ, ದಪ್ಪ. ಮ್ಯೂನಿಕ್‌ನ ಪೌಲಾ ಮಠದ ಸನ್ಯಾಸಿಗಳು ಉಪವಾಸದ ದಿನಗಳಲ್ಲಿ ಊಟದ ಬದಲು ಕುಡಿಯುತ್ತಿದ್ದ ಬಿಯರಿನ ವಂಶ ಅದು. ಸಾಲ್ವೇಟರ್ ಅದರಿಂದಲೇ ಬಂದಿದ್ದು. ಈಗ ಯಾರೇ ಡಾಪಲ್‌ಬಾಕ್ ಮಾಡಿದರೂ ಹೆಸರಿನ ಕೊನೆಗೆ ‘ಏಟರ್’ ಸೇರಿಸುವುದು ಅದರ ಗೌರವಕ್ಕೆ. ಸೆಲೆಬ್ರೇಟರ್, ಆಪ್ಟಿಮೇಟರ್, ಪೆನ್ಸಿಲ್ವೇನಿಯಾದ ಟ್ರೋಗನೇಟರ್, ಎಲ್ಲ ಅದೇ ಸಾಲು.

ಒಂದು ಎಚ್ಚರಿಕೆ: ಅರ್ಧ ಲೀಟರ್ ಟ್ರೋಗನೇಟರ್ ಅಂದರೆ ಶೇ. 8.2. ಎರಡು ಮಾಮೂಲಿ ಬಿಯರ್‌ಗಿಂತ ಜಾಸ್ತಿಯೇ. ಸಿಹಿ ಇರುವುದರಿಂದ ಗೊತ್ತಾಗುವುದಿಲ್ಲ. ಆಮೇಲೆ ಕಾರ್ ಕೀಲಿ ಮುಟ್ಟಬೇಡಿ.

ಮಿನಸೋಟ ಮಂಜು
ನ್ಯೂ ಉಲ್ಮ್ ಹೆಸರು ಯಾರೂ ಎತ್ತಿಲ್ಲವಲ್ಲ! ಮಿನಸೋಟದ ಜರ್ಮನ್ ಊರು. ಅಲ್ಲಿ ಆಗಸ್ಟ್ ಶೆಲ್ ಬ್ರೂವರಿ, 1860ರದ್ದು, ಈಗಲೂ ಅದೇ ಮನೆತನದ ಕೈಯಲ್ಲಿದೆ. ಅಮೆರಿಕದಲ್ಲಿ ಒಂದೇ ಕುಟುಂಬ ನಡೆಸುವ ಬ್ರೂವರಿಗಳಲ್ಲಿ ಯಿಂಗ್ಲಿಂಗ್ ಬಿಟ್ಟರೆ ಇದೇ ಹಳೆಯದು.

ಅವರ ಬಾಕ್‌ಫೆಸ್ಟ್ ನಡೆಯುವುದು ಚಳಿಗಾಲದ ಕೊನೆಯಲ್ಲಿ, ಬಯಲಲ್ಲಿ, ಹಿಮದ ಮೇಲೆ ನಿಂತು. ಬೆಂಕಿ ಹಾಕಿರುತ್ತಾರೆ. ಕಬ್ಬಿಣದ ಸಲಾಕೆ ಕೆಂಪಗೆ ಕಾಯಿಸಿ ಲೋಟದ ಬಾಕ್‌ಗೆ ಅದ್ದುತ್ತಾರೆ. ಚುಯ್ ಎಂದು ನೊರೆ ಉಕ್ಕುತ್ತದೆ. ಬಿಯರಿನ ಸಕ್ಕರೆ ಆ ಶಾಖಕ್ಕೆ ಕ್ಯಾರಮೆಲ್ ಆಗುತ್ತದೆ. ಮೇಲೆ ಬೆಚ್ಚಗಿನ ಸಿಹಿ ನೊರೆ, ಕೆಳಗೆ ತಣ್ಣನೆ ಬಿಯರ್. ಜರ್ಮನಿಯ ಹಳ್ಳಿಗಳಲ್ಲೂ ಈ ಪದ್ಧತಿ ಇದೆ. ಹಗುರ ಬಿಯರ್‌ಗೆ ಹೀಗೆ ಮಾಡಿದರೆ ಏನೂ ಪ್ರಯೋಜನ ಇಲ್ಲ, ಮಾಲ್ಟ್ ಸಿಹಿ ಇದ್ದರೆ ಮಾತ್ರ. ಇದು ಮಾರಾಯರ ಪಕ್ಷಕ್ಕೆ ನನ್ನ ಒಂದು ಮತ 🙂

ಯುದ್ಧದ ವಿಷಯ ಬಂತಲ್ಲ, 1917ರಲ್ಲಿ ಈ ನ್ಯೂ ಉಲ್ಮ್ ಊರಿನ ಮೇಯರ್‌ನನ್ನೇ ರಾಜ್ಯದವರು ಕೆಲಸದಿಂದ ತೆಗೆದರು. ಜರ್ಮನ್ ಮೂಲದ ಹುಡುಗರನ್ನು ಜರ್ಮನಿ ವಿರುದ್ಧ ಯುದ್ಧಕ್ಕೆ ಕಳಿಸುವ ವಿಷಯದಲ್ಲಿ ಊರಿನಲ್ಲಿ ಸಭೆ ನಡೆದಿತ್ತು, ಅದಕ್ಕೆ. ಅಷ್ಟೆಲ್ಲ ಆದ ಮೇಲೂ ಆ ಊರು ತನ್ನ ಹಬ್ಬ, ತನ್ನ ಬಿಯರ್ ಬಿಡಲಿಲ್ಲ. ನನಗೆ ಅದೇ ದೊಡ್ಡದು ಅನಿಸುತ್ತದೆ.

ಕೊಡಗು ಟು ಕೊಲರಾಡೊ
ಪಂದಿ ಕರಿಗೆ ಬಾಕ್ ಜೊತೆ ಮಾಡಿ ನೋಡಿದ್ದೀರಾ ಯಾರಾದರೂ? ಕಾಚಂಪುಳಿಯ ಹುಳಿ, ಕಾಳುಮೆಣಸಿನ ಖಾರ, ಅದರ ಮೇಲೆ ಈ ಮಾಲ್ಟ್ ಸಿಹಿ. ಬೇರೆ ಯಾವ ಬಿಯರೂ ಹೀಗೆ ಹೊಂದುವುದಿಲ್ಲ. ಐಪಿಎ (ಹಾಪ್ಸ್ ಕಹಿ ಜಾಸ್ತಿ ಇರುವ ಏಲ್) ಕುಡಿದರೆ ಖಾರ ಇನ್ನೂ ಏರುತ್ತದೆ.

ಓಹಾಯೋ ಅಕ್ಕ
ನಮ್ಮ ಅತ್ತೆ ಊರಿನಿಂದ ಬಂದಾಗ ಫ್ರಿಜ್‌ನಲ್ಲಿ ಹೋತದ ಚಿತ್ರ ನೋಡಿ, ಇದರಲ್ಲಿ ಮಾಂಸ ಇದೆಯಾ ಎಂದು ಕೇಳಿದ್ದರು. ಸಸ್ಯಾಹಾರಿಗಳು ಕುಡಿಯಬಹುದಾ? ಗೆಳತಿಯ ಗಂಡನಿಗೂ ಇದೇ ಅನುಮಾನ.

ಮಾಲ್ಟ್ ಮಾರಾಯ
ಬಾರ್ಲಿ, ಹಾಪ್ಸ್, ಯೀಸ್ಟ್, ನೀರು. ಜರ್ಮನ್ ಬಾಕ್‌ನಲ್ಲಿ ಬೇರೆ ಏನೂ ಇಲ್ಲ. ತಿಂಗಳುಗಟ್ಟಲೆ ತಂಪಿನಲ್ಲಿ ಇಟ್ಟಾಗ ತಾನಾಗಿಯೇ ತಿಳಿಯಾಗುತ್ತದೆ.

ಪಿಟ್ಸ್‌ಬರ್ಗ್ ಪಚ್ಚಿ
ಗೌಡರು ಬರೆದ 1973ರ ವಿಷಯಕ್ಕೆ ವಾಪಸ್ ಬರುತ್ತೇನೆ. ನನ್ನ ಪ್ರಕಾರ ಹಾಳಾಗಿದ್ದು ಅಲ್ಲೇ. ಬಾಕ್‌ನ ಜೀವ ಇರುವುದು ಅದರ ಕಾಲದಲ್ಲಿ. ಮಾವಿನ ಹಣ್ಣು ಹನ್ನೆರಡು ತಿಂಗಳೂ ಸಿಕ್ಕಿದರೆ ಏಪ್ರಿಲ್‌ಗೆ ಯಾರು ಕಾಯುತ್ತಾರೆ? ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಜೆನೆಸೀ ಬಾಕ್ ಬರುವುದು ವಸಂತಕ್ಕೆ ಮಾತ್ರ. ಅಲ್ಲಿ ಜನ ಅದಕ್ಕಾಗಿ ಕಾಯುತ್ತಾರೆ, ಡಬ್ಬಿ ಬಂದ ದಿನ ಫೋಟೊ ಹಾಕುತ್ತಾರೆ. ಯಿಂಗ್ಲಿಂಗ್‌ನವರು ದಶಕಗಳ ಹಿಂದೆ ಬಾಕ್ ನಿಲ್ಲಿಸಿದ್ದರು. 2009ರಲ್ಲಿ ಮತ್ತೆ ತಂದಾಗ ಇಲ್ಲಿನ ಹಿರಿಯರು ಎಷ್ಟು ಖುಷಿಪಟ್ಟರು ಗೊತ್ತಾ? ಲೂಯಿಸಿಯಾನದ ಅಬೀಟಾದವರು ‘ಮಾರ್ಡಿ ಗ್ರಾ ಬಾಕ್’ ಎಂದು ಕಾರ್ನಿವಲ್ ಹಬ್ಬಕ್ಕೆ ಸೇರಿಸಿದರು. ಕಾಲ ಉಳಿಸಿಕೊಂಡವರು ಪದ್ಧತಿ ಉಳಿಸಿಕೊಂಡರು.

ಲೋನ್‌ಸ್ಟಾರ್ ಗೌಡ
ಪಚ್ಚಿ ಮೇಡಂ, ಒಪ್ಪುವುದಿಲ್ಲ. 1970ರ ದಶಕ ಅಂದರೆ ಸಣ್ಣ ಬ್ರೂವರಿಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ. ದೊಡ್ಡ ಕಂಪನಿಗಳ ಟಿವಿ ಜಾಹೀರಾತಿನ ಮುಂದೆ ಯಾರೂ ನಿಲ್ಲಲಿಲ್ಲ. ಶೈನರ್‌ನವರು ಬಾಕ್ ಅನ್ನು ವರ್ಷವಿಡೀ ಮಾಡಿದ್ದರಿಂದಲೇ ಆಸ್ಟಿನ್‌ನ ವಿದ್ಯಾರ್ಥಿಗಳು, ಹಾಡುಗಾರರು ಅದನ್ನು ತಮ್ಮದು ಮಾಡಿಕೊಂಡರು. ಎಲ್ಲರೂ ತಿಳಿ ಹಳದಿ ಲಾಗರ್ ಕುಡಿಯುವಾಗ ಕಂದು ಬಣ್ಣದ, ನಮ್ಮದೇ ಹಳ್ಳಿಯ ಬಿಯರ್ ಎಂಬ ಹೆಮ್ಮೆ. 1989ರಲ್ಲಿ ಸ್ಯಾನ್ ಆಂಟೋನಿಯೊದ ಗ್ಯಾಂಬ್ರಿನಸ್ ಕಂಪನಿ ಬ್ರೂವರಿ ಕೊಂಡುಕೊಂಡ ಮೇಲೆ ದೇಶವೆಲ್ಲ ಹರಡಿತು. ಆನ್ಹೈಸರ್-ಬುಷ್‌ನಂಥ ದೈತ್ಯ ಕಂಪನಿ ಕೂಡ ಇದಕ್ಕೆ ಎದುರಾಗಿ ‘ಜೀಗನ್‌ಬಾಕ್’ ಎಂದು ಟೆಕ್ಸಾಸ್‌ಗೆಂದೇ ಹ್ಯೂಸ್ಟನ್‌ನಲ್ಲಿ ಮಾಡತೊಡಗಿತು. ಬಾಕ್ ಅನ್ನುವ ಹೆಸರಿಗೆ ಇಲ್ಲಿ ಅಷ್ಟು ಬೆಲೆ ತಂದುಕೊಟ್ಟಿದ್ದು ಶೈನರ್.

ಕಾಲಕ್ಕೆ ಕಾಯುತ್ತಾ ಕೂತಿದ್ದರೆ ಆ ಬ್ರೂವರಿ ಇವತ್ತು ಮ್ಯೂಸಿಯಂ ಆಗಿರುತ್ತಿತ್ತು.

ಪಿಟ್ಸ್‌ಬರ್ಗ್ ಪಚ್ಚಿ
ಬ್ರೂವರಿ ಉಳಿಯಿತು, ಸರಿ. ಬಾಕ್ ಉಳಿಯಿತಾ ಅನ್ನುವುದು ಪ್ರಶ್ನೆ. ನಿಮ್ಮ ಊರಿನಲ್ಲಿ ನೂರು ಜನರನ್ನು ನಿಲ್ಲಿಸಿ ಕೇಳಿ, ಬಾಕ್‌ಗೂ ಈಸ್ಟರ್ ಉಪವಾಸಕ್ಕೂ ಸಂಬಂಧ ಇದೆ ಎಂದು ಎಷ್ಟು ಜನರಿಗೆ ಗೊತ್ತು?

ಲೋನ್‌ಸ್ಟಾರ್ ಗೌಡ
ಶೈನರ್ ಊರಿನ ಚರ್ಚ್ ಮುಂದೆ ನಿಂತು ಕೇಳಿ, ಹಿರಿಯರು ಹೇಳುತ್ತಾರೆ.

ಗುಲ್ಬರ್ಗ ಎಕ್ಸ್‌ಪ್ರೆಸ್
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ ನೋಡ್ರಿ, ದುಡ್ಡು. ನಾನು ಒಂದು ಸಣ್ಣ ಬ್ರೂವರಿಯ ಲೆಕ್ಕಪತ್ರ ನೋಡುತ್ತೇನೆ. ಹೆಸರು ಬೇಡ.

ಏಲ್ ಆದರೆ ಎರಡು ಮೂರು ವಾರದಲ್ಲಿ ಟ್ಯಾಂಕ್ ಖಾಲಿ. ಡಾಪಲ್‌ಬಾಕ್ ಎರಡು ತಿಂಗಳಾದರೂ ಒಳಗೆ ಕೂರಬೇಕು. ಅಷ್ಟರಲ್ಲಿ ಅದೇ ಟ್ಯಾಂಕಿನಲ್ಲಿ ಮೂರು ಸಲ ಐಪಿಎ ಮಾಡಿ ಮಾರಬಹುದು. ಐಪಿಎಗೆ ಗಿರಾಕಿ ಸಾಲು ನಿಲ್ಲುತ್ತಾರೆ, ಬಾಕ್‌ಗೆ ‘ಇದೇನು’ ಎಂದು ಕೇಳುತ್ತಾರೆ. ಮಾಲ್ಟ್ ಖರ್ಚೂ ಜಾಸ್ತಿ. ಹೀಗಿರುವಾಗ ಮಾಲೀಕರು ಯಾವುದನ್ನು ಆರಿಸುತ್ತಾರೆ? ಬೇರೆ ರಾಜ್ಯಗಳಲ್ಲಿ ಬಾಕ್ ಯಾಕೆ ಕಾಣುವುದಿಲ್ಲ ಎಂದು ಹುಡುಗ ಕೇಳಿದ್ದಕ್ಕೆ ನನ್ನ ಉತ್ತರ ಇದು. ರುಚಿಯ ಸೋಲು ಅಲ್ಲ, ಟ್ಯಾಂಕಿನ ಲೆಕ್ಕ.

ಆದರೂ ಮಾಡುವವರು ಇದ್ದಾರೆ. ಮ್ಯಾಸಚೂಸೆಟ್ಸ್‌ನ ಜ್ಯಾಕ್ಸ್ ಆಬಿ 2011ರಿಂದ ಬರೀ ಲಾಗರ್ ನಂಬಿಕೊಂಡು ನಡೆದಿದೆ. ಅಂಥವರ ಬಾಕ್ ಸಿಕ್ಕಿದಾಗ ಕೊಳ್ಳಿರಿ. ಕೊಂಡರೆ ಮಾತ್ರ ಮುಂದಿನ ವರ್ಷ ಮಾಡುತ್ತಾರೆ. ಬೋರ್ಡಿನಲ್ಲಿ ಇಲ್ಲದಿದ್ದರೆ ಕೇಳಿ, ಕೇಳುವವರು ಇದ್ದಾರೆ ಎಂದು ಅವರಿಗೆ ತಿಳಿಯಲಿ.

ಬಸವನಗುಡಿ ಬಾಯ್
ಬೆಂಗಳೂರಿನಲ್ಲೂ ಇದೇ ಕತೆ ಅಲ್ವಾ? ಯಾವ ಬ್ರೂಪಬ್‌ಗೆ ಹೋದರೂ ಗೋಧಿ ಬಿಯರ್ ಇದ್ದೇ ಇರುತ್ತದೆ, ಬಾಕ್ ಅಪರೂಪ. ಗೋಧಿ ಬಿಯರ್ ಬೇಗ ತಯಾರಾಗುತ್ತದೆ.

ಗುಲ್ಬರ್ಗ ಎಕ್ಸ್‌ಪ್ರೆಸ್
ಹೌದು ರೀ. ಜಾಗ ಕಡಿಮೆ, ಟ್ಯಾಂಕ್ ನಾಲ್ಕೈದು, ವಾರಾಂತ್ಯದ ಗಿರಾಕಿ ಜಾಸ್ತಿ. ಎರಡು ತಿಂಗಳು ಒಂದು ಟ್ಯಾಂಕ್ ಬಿಟ್ಟುಕೊಡುವುದು ಸಣ್ಣ ಮಾತಲ್ಲ.

ಕೊಡಗು ಟು ಕೊಲರಾಡೊ
ಜೋರಾದ ಬಾಕ್ ಬೇಕು ಎನ್ನುವವರಿಗೆ: ಬಾಸ್ಟನ್ ಬಿಯರ್ ಕಂಪನಿಯವರು 1994ರಲ್ಲಿ ‘ಸ್ಯಾಮ್ಯುಯೆಲ್ ಆಡಮ್ಸ್ ಟ್ರಿಪಲ್ ಬಾಕ್’ ಎಂದು ತಂದಿದ್ದರು. ಶೇ. 17.5! ಮೇಪಲ್ ಸಿರಪ್ ಹಾಕಿ, ಶಾಂಪೇನ್ ಯೀಸ್ಟ್ ಬಳಸಿ, ಮರದ ಪೀಪಾಯಿಯಲ್ಲಿ ಇಟ್ಟಿದ್ದು. ಪುಟ್ಟ ನೀಲಿ ಬಾಟಲಿ. ಗೆಳೆಯರೊಬ್ಬರು ಹಳೆಯದೊಂದು ತೆಗೆದರು. ಗ್ಯಾಸ್ ಇಲ್ಲ, ನೊರೆ ಇಲ್ಲ, ಸೋಯಾ ಸಾಸ್ ವಾಸನೆ.

ಲೋನ್‌ಸ್ಟಾರ್ ಗೌಡ
ನೋಡಿ, ಶೇ. 17.5 ಇರುವುದಕ್ಕೂ ಬಾಕ್ ಎಂದೇ ಹೆಸರು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ನಮ್ಮ ಶೇ. 4.4ರ ಮೇಲೆ ಮಾತ್ರ ಎಲ್ಲರ ಕಣ್ಣು!

ಮಾಲ್ಟ್ ಮಾರಾಯ
ನಾನು ಪ್ರಶ್ನಿಸುತ್ತೇನೆ. ಶಾಂಪೇನ್ ಯೀಸ್ಟ್, ಮೇಪಲ್ ಸಿರಪ್ ಹಾಕಿದ್ದು ಲಾಗರೇ ಅಲ್ಲ, ಬಾಕ್ ಹೇಗಾಗುತ್ತದೆ? ಗಟ್ಟಿ ಮಾಡುವ ಸರಿಯಾದ ದಾರಿ ಐಸ್‌ಬಾಕ್. ಬಾಕ್ ಅನ್ನು ಹೆಪ್ಪುಗಟ್ಟಿಸಿ, ನೀರಿನ ಮಂಜುಗಡ್ಡೆ ತೆಗೆದುಹಾಕಿದರೆ ಉಳಿದದ್ದು ಇನ್ನೂ ಗಟ್ಟಿ. ಜರ್ಮನಿಯ ಕುಲ್ಮ್‌ಬಾಕ್ ಊರಿನದ್ದು ಆ ಕೆಲಸ.

ಇತಿಹಾಸಪ್ರಿಯ
ಗೌಡರೆ, ನಿಮ್ಮ ರಾಜ್ಯದ ಲೇಬಲ್ ಕಾನೂನನ್ನೂ ಇಲ್ಲಿ ಹೇಳಬೇಕು. ಟೆಕ್ಸಾಸ್‌ನಲ್ಲಿ ತೂಕದ ಲೆಕ್ಕದಲ್ಲಿ ಶೇ. 4 ಮೀರಿದರೆ ಅದನ್ನು ‘ಬಿಯರ್’ ಎಂದು ಕರೆಯುವಂತಿರಲಿಲ್ಲ, ‘ಏಲ್’ ಅಥವಾ ‘ಮಾಲ್ಟ್ ಲಿಕ್ಕರ್’ ಎಂದು ಬರೆಯಬೇಕಿತ್ತು. ತೂಕದ ಶೇ. 4 ಅಂದರೆ ನಾವು ಮಾಮೂಲಿಯಾಗಿ ಹೇಳುವ ಲೆಕ್ಕದಲ್ಲಿ ಸುಮಾರು ಶೇ. 5. ಹಾಗಾಗಿ ಜರ್ಮನಿಯಿಂದ ಬಂದ ಅಪ್ಪಟ ಲಾಗರ್ ಬಾಕ್ ಬಾಟಲಿ ಮೇಲೂ ಏಲ್ ಎಂದು ಅಚ್ಚು ಹಾಕಬೇಕಿತ್ತು! 2011ರ ಡಿಸೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಅದನ್ನು ತಳ್ಳಿಹಾಕಿತು. ಅಷ್ಟು ವರ್ಷ ಟೆಕ್ಸಾಸ್ ಜನ ಅಂಗಡಿಯಲ್ಲಿ ಗಟ್ಟಿ ಬಾಕ್ ನೋಡಿದಾಗ ಅದರ ಮೇಲೆ ಏಲ್ ಎಂದಿತ್ತು, ಹಗುರವಾದ ಶೈನರ್ ‘ಬಿಯರ್’ ಆಗಿಯೇ ಇತ್ತು. ಜನರ ಮನಸ್ಸಿನಲ್ಲಿ ಯಾವುದು ಬಾಕ್ ಆಗಿ ಕೂರುತ್ತದೆ, ಹೇಳಿ.

ಲೋನ್‌ಸ್ಟಾರ್ ಗೌಡ
ಇದು ಒಳ್ಳೆಯ ಮಾತು ಸರ್. ಆ ಕಾನೂನು ನನಗೂ ಸಿಟ್ಟು ತರಿಸುತ್ತಿತ್ತು.

ನೀರುಮಜ್ಜಿಗೆ
ಮನೆಯಲ್ಲಿ ಬಾಕ್ ಮಾಡಲು ಆಗುತ್ತಾ? ನಾನು ಡಲ್ಲಾಸ್‌ನಲ್ಲಿದ್ದೇನೆ. ಗ್ಯಾರೇಜ್ ಇದೆ.

ಮಾಲ್ಟ್ ಮಾರಾಯ
ಡಲ್ಲಾಸ್ ಗ್ಯಾರೇಜ್ ಅಂದರೆ ಬೇಸಿಗೆಯಲ್ಲಿ ಒಲೆ. ಲಾಗರ್ ಯೀಸ್ಟ್‌ಗೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ಬೇಕು. ಹಳೆಯ ಚೆಸ್ಟ್ ಫ್ರೀಜರ್ ಒಂದು ತಗೊಳ್ಳಿ, ಅದಕ್ಕೆ ತಾಪಮಾನ ನಿಯಂತ್ರಕ ಹಾಕಿ. ಡಬ್ಲ್ಯು-34/70 ಎಂಬ ಒಣ ಯೀಸ್ಟ್ ಸುಲಭ. ಬಾಕ್ ಗಟ್ಟಿ ಇರುವುದರಿಂದ 19 ಲೀಟರ್‌ಗೆ ಎರಡು ಮೂರು ಪ್ಯಾಕೆಟ್ ಹಾಕಿ, ಜಿಪುಣತನ ಬೇಡ. ಮ್ಯೂನಿಕ್ ಮಾಲ್ಟ್ ಮುಕ್ಕಾಲು ಪಾಲು, ಉಳಿದದ್ದು ಪಿಲ್ಸ್ನರ್ ಮಾಲ್ಟ್. ಹಾಪ್ಸ್ ಸ್ವಲ್ಪವೇ ಸಾಕು. ಹುಳಿ ಬಂದ ಮೇಲೆ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಸಿ ಆರೆಂಟು ವಾರ ಮುಟ್ಟಬೇಡಿ. ಮೊದಲೇ ತೆಗೆದು ಕುಡಿದರೆ ಬೇಜಾರಾಗುತ್ತದೆ. ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಮಾರ್ಚ್‌ಗೆ ಸರಿ.

ಅಮೆರಿಕದಲ್ಲಿ ಮನೆಯಲ್ಲಿ ಮಾಡುವುದು ಕಾನೂನುಬದ್ಧ. 1978ರಲ್ಲಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಫೆಡರಲ್ ಅನುಮತಿ ಬಂತು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ರಜೆಗೆ ಊರಿಗೆ ಹೋದಾಗ ಅಲ್ಲಿ ಪ್ರಯತ್ನಿಸಬೇಡಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿ ಕೇಸು.

ಹಾಸನದ ಹುಡುಗ
ಇಷ್ಟೊಂದು ವಿಷಯ ಬರುತ್ತದೆ ಎಂದುಕೊಂಡಿರಲಿಲ್ಲ. ಈ ಶನಿವಾರ ಶೈನರ್ ಊರಿಗೆ ಬ್ರೂವರಿ ನೋಡಲು ಹೋಗುತ್ತಿದ್ದೇನೆ, ಸಹೋದ್ಯೋಗಿಯನ್ನೂ ಕರೆದಿದ್ದೇನೆ, ಅವರು ಒಪ್ಪಿದ್ದಾರೆ. ಆಮೇಲೆ ಮನೆಯಲ್ಲಿ ನಾಲ್ಕೈದು ಬಾಕ್ ಸಾಲಾಗಿ ಇಟ್ಟು ರುಚಿ ನೋಡುವ ಯೋಚನೆ. ಯಾವ ಕ್ರಮದಲ್ಲಿ ಕುಡಿಯಬೇಕು?

ಮಾಲ್ಟ್ ಮಾರಾಯ
ಹಗುರದಿಂದ ಗಟ್ಟಿಗೆ ಹೋಗಿ. ಮೊದಲು ಶೈನರ್. ಆಮೇಲೆ ಸಿಕ್ಕಿದರೆ ಐನ್‌ಬೆಕರ್ ಊರ್-ಬಾಕ್, ಶೇ. 6.5, ಮೂಲ ಊರಿನದ್ದೇ. ನಂತರ ಸೆಲೆಬ್ರೇಟರ್, ಕೊನೆಗೆ ಟ್ರೋಗನೇಟರ್. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಹೊರಗೆ ಇಡಿ. ತೀರಾ ತಣ್ಣಗಿದ್ದರೆ ಮಾಲ್ಟ್ ರುಚಿ ಸಿಗುವುದಿಲ್ಲ. ಚಿಕ್ಕ ಲೋಟದಲ್ಲಿ ಹಂಚಿಕೊಳ್ಳಿ.

ಕೊಡಗು ಟು ಕೊಲರಾಡೊ
ಜೊತೆಗೆ ಹಂದಿ ರೋಸ್ಟ್ ಇರಲಿ. ಸಸ್ಯಾಹಾರಿಗಳಿಗೆ ಹಳೆಯ ಗೌಡಾ ಚೀಸ್.

ಲೋನ್‌ಸ್ಟಾರ್ ಗೌಡ
ಶೈನರ್‌ಗೆ ಹೋದಾಗ ಸ್ಪೆಟ್ಜಲ್ ಬ್ರೂವರಿಯ ಟೂರ್ ಮೊದಲೇ ಬುಕ್ ಮಾಡಿ, ಶನಿವಾರ ಜನ ಜಾಸ್ತಿ. ಊರಿನ ಸೇಂಟ್ ಸಿರಿಲ್ ಮೆಥೋಡಿಯಸ್ ಚರ್ಚ್ ಕೂಡ ನೋಡಿ ಬನ್ನಿ. ಸಹೋದ್ಯೋಗಿ ಏನಂದರು ಎಂದು ಇಲ್ಲಿ ಬರೆಯಲೇಬೇಕು.